ಖಾಲಿ ಪಾತ್ರೆ ಕೊಡದ ನಮ್ಮತ್ತೆ

ನಮ್ಮತ್ತೆಯಂಥವಳನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕು ಎಂದು ನಮ್ಮ ನೆಂಟರೆಲ್ಲ ತಮಾಷೆಗೆ ಹೇಳುತ್ತಿರುತ್ತಾರೆ. ಹೇಳುವುದಕ್ಕೇನು, ಸುಲಭ! ಅವಳು ಮ್ಯೂಸಿಯಮ್ಮಿನೊಳಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಕಟ್ಟಡಕ್ಕೆ ಏನೂ ಆಗಲಿಲ್ಲ, ಭದ್ರವಾಗಿದೆ. ಹೋದದ್ದು ನನ್ನ ಮಾನ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ನನಗಿನ್ನೂ ಗಂಡನೇ ಇಲ್ಲ. ಅದಕ್ಕೂ ಈ ಅತ್ತೆಯೇ ಕಾರಣ, ಆ ಕತೆ ಮುಂದೆ ಬರುತ್ತದೆ. ಇವಳು ನಮ್ಮಪ್ಪನ ಅಕ್ಕ. ನಾನು ಎಳೆಮಗುವಾಗಿದ್ದಾಗಲೇ ನಮ್ಮವ್ವ ತೀರಿಕೊಂಡಳು. ಅಪ್ಪ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸುತ್ತ ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ನನ್ನನ್ನು ಸಾಕಿ, ಓದಿಸಿ, ಬೈದು, ದೊಡ್ಡವಳನ್ನಾಗಿ ಮಾಡಿದವಳು ಅತ್ತೆ.

ಅವಳ ಖಯಾಲಿ ಏನೆಂದರೆ, ಖಾಲಿ ಪಾತ್ರೆಯನ್ನು ಯಾರ ಕೈಗೂ ಕೊಡುವುದಿಲ್ಲ. ಇದರಲ್ಲೇನು ವಿಶೇಷ ಎನ್ನುತ್ತೀರಾ? ನಿಜ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ. ಪಕ್ಕದ ಮನೆಯವರು ಹುಳಿ ಕಳಿಸಿದ ಬಟ್ಟಲನ್ನು ತೊಳೆದು, ಒಂದಿಷ್ಟು ಸಕ್ಕರೆಯೋ ಬೆಲ್ಲದ ಚೂರೋ ಹಾಕಿ ವಾಪಸ್ಸು ಕೊಡುತ್ತೇವೆ. ಆದರೆ ಉಳಿದವರು ಬಟ್ಟಲಿಗೆ ನಿಲ್ಲಿಸುತ್ತಾರೆ. ನಮ್ಮತ್ತೆಗೆ ಅಂಥ ಎಲ್ಲೆಯೇ ಇಲ್ಲ. ನೀರಿನ ಕ್ಯಾನು, ಔಷಧಿ ಬಾಟಲಿ, ಟೈಲರ್ ಅಂಗಡಿಯ ಚೀಲ, ಎಲ್ಲದರಲ್ಲೂ ಏನಾದರೂ ಇರಲೇಬೇಕು!

ಗ್ಯಾಸ್ ಸಿಲಿಂಡರನ್ನೇ ತೆಗೆದುಕೊಳ್ಳಿ. ತುಂಬಿದ್ದನ್ನು ತಂದವನಿಗೆ ಖಾಲಿಯದನ್ನು ಕೊಡುವುದು ಯಾವ ನ್ಯಾಯ? ಸಿಲಿಂಡರಿನೊಳಗೆ ಬೆಲ್ಲ ಹಾಕುವಂತಿಲ್ಲ. ಹಾಗಾಗಿ ಅದರ ಕೊರಳಿಗೆ ದಾರ ಕಟ್ಟಿ ಒಂದು ಬಾಳೆಹಣ್ಣು ತೂಗುಹಾಕುತ್ತಿದ್ದಳು. ನಮ್ಮ ಬೀದಿಗೆ ಬರುತ್ತಿದ್ದವನು ಹಣ್ಣು ಸುಲಿದು ತಿಂದು ಸಿಲಿಂಡರ್ ಹೊತ್ತು ಹೋಗುತ್ತಿದ್ದ. ಒಂದು ಸಲ ಅವನ ಬದಲು ಹೊಸಬನೊಬ್ಬ ಬಂದ, ದೂರದ ಊರಿನವನು. ಕೊಳ್ಳೇಗಾಲ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮಾಟಮಂತ್ರ ತಾನೇ! ಸಿಲಿಂಡರಿನ ಕೊರಳಲ್ಲಿ ದಾರ, ದಾರದಲ್ಲಿ ಬಾಳೆಹಣ್ಣು, ಹಿಂದೆ ನಗುತ್ತ ನಿಂತ ನಮ್ಮತ್ತೆ. ಅವನು ಬೆವತುಹೋದ. "ಅಮ್ಮಾ, ನಾನು ನಿಮಗೆ ಏನು ಅನ್ಯಾಯ ಮಾಡಿದೀನಿ?" ಎಂದು ಕೈಮುಗಿದು, ಎರಡೂ ಸಿಲಿಂಡರ್ ನಮ್ಮ ಬಾಗಿಲಲ್ಲೇ ಬಿಟ್ಟು ಹೊರಟೇಹೋದ.

ಅವಳು ಯಾವ ತಲೆನೋವೂ ಇಲ್ಲದೆ ತುಂಬಿಸಿ ಕೊಟ್ಟ ಡಬ್ಬಿ ಇಡೀ ಜೀವಮಾನದಲ್ಲಿ ಒಂದೇ. ಅದು ಸಕ್ಕರೆ ಕಾಯಿಲೆ ಪರೀಕ್ಷೆಗೆಂದು ಲ್ಯಾಬಿನವರು ಕೊಟ್ಟದ್ದು.

ಇಂಥವಳ ಮುಂದೆ ನಾನು ಒಂದು ದಿನ, ನನಗೆ ಮೈಸೂರಿನ ಮ್ಯೂಸಿಯಂ ಒಂದರಲ್ಲಿ ಫೆಲೋಶಿಪ್ ಸಿಕ್ಕಿದೆ ಎಂದೆ.

"ಕೆಲ್ಸನಾ?" ಎಂದಳು.

"ಕೆಲ್ಸ ಅಲ್ಲ ಅತ್ತೆ, ಫೆಲೋಶಿಪ್ಪು."

"ಓದದಾ?"

"ಓದೂ ಅಲ್ಲ. ಪಿಎಚ್‌ಡಿ ಮುಗಿಸಿದೋರ್ಗೆ ಕೊಡೋದು."

"ಕೆಲ್ಸನೂ ಅಲ್ಲ, ಓದೂ ಅಲ್ಲ. ಅಂಗಾರೆ ಅಲ್ಲೋಗಿ ಏನ್ಮಾಡದು?"

"ಹಳೇ ವಸ್ತು ನೋಡೋದು, ಅದರ ಬಗ್ಗೆ ಬರೆಯೋದು, ಜೋಡಿಸಿ ಜನಕ್ಕೆ ತೋರ್ಸೋದು. ವೃತ್ತಿ ಆರಂಭದಲ್ಲಿರೋ ಸಂಶೋಧಕರಿಗೆ ಅಂತ ಒಂದು ವರ್ಷ ಕೊಡ್ತಾರೆ. ಚೆನ್ನಾಗಿ ಮಾಡಿದ್ರೆ ಇನ್ನೊಂದು ವರ್ಷ ಕೊಡ್ತಾರೆ."

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಮೂವತ್ತು ದಾಟ್ತು. ಇನ್ನೂವೆ ಆರಂಬನಾ?" ಎಂದಳು. ಸಂದರ್ಶನ ಮಾಡಿದ ದೊಡ್ಡ ದೊಡ್ಡ ವಿದ್ವಾಂಸರು ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ಊರಿಗೆಲ್ಲ ಸುದ್ದಿ ಹಬ್ಬಿಸಿದ್ದು ಹೇಗೆ ಗೊತ್ತೇ? "ನಮ್ ಮಗ ಮೈಸೂರಲ್ಲಿ ಪಾತ್ರೆ ಕಾಯ್ತಾಳೆ" ಎಂದು! ಬಸ್ಸಿನಲ್ಲಿ, ಸಂತೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಇದೇ ಮಾತು. ಹದಿನೆಂಟು ವರ್ಷಕ್ಕೂ ಮೇಲೆ ಓದಿದ್ದು ಪಾತ್ರೆ ಕಾಯುವುದಕ್ಕೇ ಎಂದು ಜನ ನನ್ನನ್ನು ಕರುಣೆಯಿಂದ ನೋಡತೊಡಗಿದರು.

ಅದೇ ಸಮಯದಲ್ಲಿ ಮುಳ್ಳೂರಿನಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದರು. ಅತ್ತೆ ಎದೆಯುಬ್ಬಿಸಿ "ಡಾಕ್ಟ್ರು" ಎಂದಳು. ಗಂಡಿನ ತಾಯಿಯ ಮುಖ ಅರಳಿತು. ಆಯಮ್ಮ ಕಾಫಿ ಲೋಟ ಕೆಳಗಿಟ್ಟು, ಸೀರೆ ತುಸು ಸರಿಸಿ, ತನ್ನ ಮಂಡಿಯನ್ನು ನನ್ನ ಮುಂದೆ ಚಾಚಿದರು. "ಎದ್ರೆ ಕೂರಕಾಗಲ್ಲ, ಕೂತ್ರೆ ಏಳಕಾಗಲ್ಲ. ಒಸಿ ನೋಡವ್ವ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಅಯ್ಯೋ, ಇದ್ನೆಲ್ಲ ನೋಡಲ್ಲ ಕಣ್ರಿ ಇವ್ಳು. ನೂರು ವರ್ಸ ಆಗಿರವ್ನೇ ನೋಡದು. ನಿಮ್ ಮಂಡಿಗೆ ಇನ್ನೂ ಟೇಮ್ ಅದೆ."

ಮುಳ್ಳೂರಿನವರು ಮತ್ತೆ ಬರಲಿಲ್ಲ.

ಇರಲಿ, ಫೆಲೋಶಿಪ್ಪಿಗೆ ಬರೋಣ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಅಡುಗೆಮನೆಗಳ ಹಳೆಯ ಪಾತ್ರೆಗಳನ್ನು ಮನೆಮನೆಯಿಂದ ಎರವಲು ತಂದು, ಒಂದು ಪ್ರದರ್ಶನ ಮಾಡಿ, ಆಮೇಲೆ ಅವರವರಿಗೆ ಹಿಂದಿರುಗಿಸುವುದು ನನ್ನ ಕೆಲಸ. ಮ್ಯೂಸಿಯಮ್ಮಿನ ನಿಯಮಗಳು ಕಟ್ಟುನಿಟ್ಟು. ಕೈಗವಸು ಹಾಕಿಯೇ ಮುಟ್ಟಬೇಕು. ಒಡಕು, ತೂತು, ಕಲೆ ಎಲ್ಲವನ್ನೂ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪಾತ್ರೆಯೊಳಗೆ ಏನೂ ಇರಕೂಡದು. ಒಂದು ಕಾಳು ಇದ್ದರೆ ಒಂದು ಹುಳ, ಒಂದು ಹುಳವಿದ್ದರೆ ಇಡೀ ಮ್ಯೂಸಿಯಮ್ಮಿಗೇ ಅಪಾಯ. ಖಾಲಿ ಇರಬೇಕು, ಪೂರ್ತಿ ಖಾಲಿ! ನನ್ನ ಗ್ರಹಚಾರ ಎಂದರೆ ಇದು.

ಒಬ್ಬಳೇ ಹೋದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಹೆಗಲಿಗೆ ಚೀಲ, ಕೈಯಲ್ಲಿ ಕಾಗದ ನೋಡಿ ಸಂಘದ ಕಂತು ಕೇಳಲು ಬಂದವಳು ಎಂದುಕೊಂಡು ಹಿತ್ತಲಿನಿಂದ ಹೊರಟುಬಿಡುತ್ತಿದ್ದರು. ಬೇರೆ ದಾರಿಯಿಲ್ಲದೆ ಅತ್ತೆಯನ್ನು ಕರೆದುಕೊಂಡು ಹೋದೆ. ಬಾಗಿಲುಗಳೇನೋ ತೆರೆದವು.

ಧನಗೆರೆಯ ಒಂದು ಮನೆಯಲ್ಲಿ ಕಾಳು ಅಳೆಯುವ ಹಳೆಯ ಕೊಳಗ ಸಿಕ್ಕಿತು. ಮನೆಯಾಕೆ ಸಂತೋಷದಿಂದಲೇ ತಂದು ಕೊಟ್ಟಳು. ಅತ್ತೆ ಅದರೊಳಗೆ ಇಣುಕಿ ನೋಡಿ, ಮೆಲ್ಲಗೆ "ಬರೀ ಕೊಳಗ ಕೊಟ್ಟೀಯಾ ತಾಯಿ?" ಎಂದಳು. ಪಾಪ, ಆಕೆ ನಾಚಿ ನೀರಾಗಿ ಒಳಗೋಡಿ ಬೊಗಸೆ ತುಂಬ ರಾಗಿ ತಂದು ಸುರಿದಳು. ನಾನು ಕೈಗವಸು ಹಾಕಿಕೊಂಡು ಅದನ್ನು ಚೀಲಕ್ಕೆ ಸುರಿದೆ. "ಯಾಕೆ, ನಮ್ ರಾಗಿ ಆಗಲ್ವಾ ನಿಮ್ಗೆ?" ಎಂದು ಆಕೆ ಕಣ್ಣು ತುಂಬಿಕೊಂಡಳು. ಅತ್ತೆ ಚೀಲದ ರಾಗಿಯನ್ನು ಮತ್ತೆ ಕೊಳಗಕ್ಕೆ ಸುರಿದಳು. ನಾನು ಮತ್ತೆ ಚೀಲಕ್ಕೆ. ಈ ಆಟ ಮುಗಿಯುವ ಹೊತ್ತಿಗೆ ಅರ್ಧ ರಾಗಿ ಕೋಳಿಗಳ ಪಾಲಾಗಿತ್ತು.

ಹನೂರಿನಾಚೆ ಒಂದು ಮನೆಯಲ್ಲಿ ತಮಿಳು ಬೆರೆಸಿ ಕನ್ನಡ ಮಾತಾಡುವ ಅಜ್ಜಿ ಒಬ್ಬರಿದ್ದರು, ಎಲ್ಲರಿಗೂ ಅವರು ಪಾಟಿ. ಅವರ ಹಿತ್ತಾಳೆ ಕೊಡವನ್ನು ನೋಡಿ ನನಗೆ ಖುಷಿಯೋ ಖುಷಿ. ಎಷ್ಟೋ ಕಾಲದ ಹೊಗೆ, ಕೈಜಿಡ್ಡು, ಗಾಳಿ ಸೇರಿ ಅದಕ್ಕೊಂದು ಕಪ್ಪು ಬಣ್ಣ ಬಂದಿತ್ತು. ನಮ್ಮ ಶಾಸ್ತ್ರದಲ್ಲಿ ಆ ಬಣ್ಣಕ್ಕೇ ಬೆಲೆ. ಅದನ್ನು ಉಗುರಿನಿಂದಲೂ ಕೆರೆಯಬಾರದು. ನಾನು ಜಗಲಿಯಲ್ಲಿ ಕೂತು ಕಾಗದ ತುಂಬಿಸಿದೆ. ಅಷ್ಟರಲ್ಲಿ ಹಿತ್ತಲಿನಿಂದ ಉಜ್ಜುವ ಸದ್ದು! ಓಡಿಹೋಗಿ ನೋಡಿದರೆ ಅತ್ತೆಯೂ ಪಾಟಿಯೂ ಎದುರುಬದುರು ಕೂತು ಕೊಡಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾರೆ. ಕೊಡ ಹೊಸದರಂತೆ ಫಳಫಳ ಹೊಳೆಯುತ್ತಿದೆ.

"ಪುಳಿ ಆಕಿ ತೊಳ್ದಿವ್ನಿ ತಾಯಿ, ಎಡುತ್ಕಂಡ್ ಓಗು," ಎಂದರು ಪಾಟಿ ಬೆವರೊರೆಸಿಕೊಳ್ಳುತ್ತ.

"ಕೊಳೆ ಪಾತ್ರೆನ ಮೈಸೂರ್ನೋರ್ಗೆ ಕೊಟ್ರೆ ಏನಂದ್ಕಂಡಾರು?" ಎಂದಳು ಅತ್ತೆ.

ಮೈಸೂರಿನವರಿಗೆ ಆ ಕೊಳೆಯೇ ಬೇಕಾಗಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ಕೊಡವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಯಾರದೋ ತಲೆ ಒಡೆದು ಬಂದವಳಂತೆ ತಲೆ ತಗ್ಗಿಸಿ ಬಸ್ಸು ಹತ್ತಿದೆ.

ಅತ್ತೆಗೆ ಸರಿಯಾದ ಜೋಡಿ ಸಿಕ್ಕಿದ್ದು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ. ಅಲ್ಲಿನ ಅಜ್ಜ ಒಬ್ಬರು ಜೇನು ತುಂಬುವ ಒಣಗಿದ ಸೋರೆಬುರುಡೆ ಕೊಟ್ಟರು. ಅತ್ತೆ ಎಂದಿನಂತೆ ಒಳಗೆ ಇಣುಕಿ ಮುಖ ಸಣ್ಣದು ಮಾಡಿದಳು. ಅಜ್ಜ ನಕ್ಕು, "ಇದೇನವ್ವ, ಜೇನು ಬರೋ ಕಾಲ ಅಲ್ಲ, ಎಲ್ಲಿಂದ ತುಂಬ್ಲಿ? ಖಾಲಿ ಅದೆ ಅಂತಾನೆ ಕೊಡ್ತಾ ಇರದು. ತುಂಬಿದ್ರೆ ನಿಮ್ಗೆ ಯಾರ್ ಕೊಡ್ತಿದ್ರು?" ಎಂದರು. ನಮ್ಮತ್ತೆಯ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಆಗಲೇ. ಬೆಟ್ಟ ಇಳಿದು ಬಂದೆವು. ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಅದುವರೆಗೆ ಕೂಡಿಸಿದ ಪಾತ್ರೆಗಳ ಗಂಟುಗಳನ್ನೆಲ್ಲ ಅತ್ತೆಯ ಬಳಿ ಬಿಟ್ಟು ನಾನು ಟೀ ಕುಡಿಯಲು ಹೋದದ್ದೇ ತಪ್ಪಾಯಿತು ಎಂದು ಆಮೇಲೆ ತಿಳಿಯಿತು.

ಕೊನೆಗೆ ನಮ್ಮ ಮನೆಯದೇ ಒಂದು ದೊಡ್ಡ ಹಿತ್ತಾಳೆ ತಪ್ಪಲೆಯನ್ನೂ ತೆಗೆದುಕೊಂಡೆ. ಪ್ರದರ್ಶನದ ನಡುವಿನ ಗಾಜಿನ ಪೆಟ್ಟಿಗೆಗೆ ಅಷ್ಟು ದೊಡ್ಡದು ಬೇರೆ ಸಿಗಲಿಲ್ಲ. ಅದರ ಕೆಳಗೆ ಚೀಟಿ ಬರೆಯುವಾಗ ಕೊಟ್ಟವರ ಹೆಸರಿನ ಜಾಗದಲ್ಲಿ "ಖಾಸಗಿ ಸಂಗ್ರಹ" ಎಂದು ಬರೆದೆ. ಫೆಲೋ ಆದವಳು ತನ್ನ ಅತ್ತೆಯ ತಪ್ಪಲೆಯನ್ನೇ ತಂದು ನಡುವೆ ಇಟ್ಟಿದ್ದಾಳೆ ಎಂದರೆ ವಿದ್ವತ್ ಲೋಕ ನಗುವುದಿಲ್ಲವೇ? ಖಾಸಗಿ ಸಂಗ್ರಹ ಎಂದರೆ ಯಾರೋ ಜಮೀನ್ದಾರರ ಬಂಗಲೆ ಕಣ್ಣಿಗೆ ಬರುತ್ತದೆ. ನಮ್ಮ ಅಡುಗೆಮನೆಯ ಮಸಿ ಬರುವುದಿಲ್ಲ.

ಉದ್ಘಾಟನೆ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ನಮ್ಮ ಕ್ಯುರೇಟರ್ ಮೇಡಂ ನನ್ನನ್ನು ಉಗ್ರಾಣಕ್ಕೆ ಕರೆದರು. ಮೇಡಂ ಜೋರು ಮಾತಿನವರಲ್ಲ. ಅವರು ದನಿ ತಗ್ಗಿಸಿದಷ್ಟೂ ನಮಗೆ ಹೆದರಿಕೆ ಹೆಚ್ಚು. ಅವತ್ತು ಪಿಸುಗುಟ್ಟಿದರು. "ಇದೇನು?"

ಇರುವೆಗಳ ಸಾಲು. ಗೋಡೆಯಿಂದ ಇಳಿದು, ಮೇಜು ಹತ್ತಿ, ಸೋರೆಬುರುಡೆಯೊಳಗೆ ಮೆರವಣಿಗೆ ಹೊರಟಿದ್ದವು. ಬುರುಡೆಯೊಳಗೆ ಬೆಲ್ಲದ ಉಂಡೆ! ಕೊಳಗದ ತಳದಲ್ಲೂ ಬೆಲ್ಲ, ಹನೂರಿನ ಕೊಡದಲ್ಲೂ ಬೆಲ್ಲ, ನಾನೇ ಸುತ್ತಿ ಕಟ್ಟಿದ್ದ ಬಟ್ಟೆಯ ಒಳಗೇ. ಯಳಂದೂರಿನಲ್ಲಿ ನಾನು ಟೀ ಕುಡಿಯುವಾಗ ಅತ್ತೆ ಗಂಟುಗಳನ್ನು ಬಿಚ್ಚಿ ತನ್ನ ಧರ್ಮ ಉಳಿಸಿಕೊಂಡಿದ್ದಳು.

"ಯಾರು ಹಾಕಿದ್ದು?" ಎಂದರು ಮೇಡಂ.

"ಅದು... ಸ್ಥಳೀಯ ಮಾಹಿತಿದಾರರೊಬ್ಬರ ನಂಬಿಕೆ ಮೇಡಂ," ಎಂದೆ. ಸಾಕಿದ ಅತ್ತೆ ಒಂದೇ ಉಸಿರಿನಲ್ಲಿ ಸ್ಥಳೀಯ ಮಾಹಿತಿದಾರಳಾದಳು!

"ಆ ಮಾಹಿತಿದಾರರು ಪ್ರದರ್ಶನದ ಹತ್ತಿರ ಸುಳಿಯಬಾರದು. ಮುಖ್ಯ ಅತಿಥಿ ಯಾರು ಗೊತ್ತಲ್ಲ? ನಿಮಗೆ ಇನ್ನೊಂದು ವರ್ಷ ಕೊಡಬೇಕೋ ಬೇಡವೋ ಎಂದು ಹೇಳುವ ಸಮಿತಿಯ ಹಿರಿಯರು. ಇಂಥದ್ದು ಇನ್ನೊಂದಾದರೆ ನಾನು ಏನೂ ಮಾಡಲಾರೆ."

ಅವತ್ತೇ ಅತ್ತೆಗೆ ಫೋನ್ ಮಾಡಿದೆ. ಅಂಥ ದೊಡ್ಡ ಕಾರ್ಯಕ್ರಮ ಏನಲ್ಲ, ಒಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ, ಇನ್ನೊಂದು ವರ್ಷದ ವಿಷಯ ಅವರ ಕೈಯಲ್ಲಿದೆ ಅಷ್ಟೇ, ನೀನು ಬಸ್ಸಿನಲ್ಲಿ ಒದ್ದಾಡಿಕೊಂಡು ಬರಬೇಡ ಎಂದೆ. ಅತ್ತೆ ಆಯ್ತು ಎಂದಳು.

ಉದ್ಘಾಟನೆಯ ದಿನ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತವಳು ಅವಳೇ! ಮೈಮೇಲೆ ಕೊಳ್ಳೇಗಾಲದ ರೇಷ್ಮೆ ಸೀರೆ, ತಲೆಗೆ ಎಣ್ಣೆ, ಕಂಕುಳಲ್ಲಿ ಚೀಲ. "ಬ್ಯಾಡ ಅಂದ್ಯಲ್ಲ, ಸಂಕೋಚಕ್ ಏಳ್ತಾವಳೆ ಅಂದ್ಕಂಡು ಬಂದ್ಬುಟ್ಟೆ," ಎಂದಳು. ನಾನು ಮೊದಲು ಅವಳ ಚೀಲವನ್ನು ತಡಕಿ ನೋಡಿದೆ. ಬೆಲ್ಲ ಇರಲಿಲ್ಲ. ಬಂದ ಅತ್ತೆಯನ್ನು ಕಳ್ಳಿಯಂತೆ ತಡಕಿದ್ದಕ್ಕೆ ನಾಚಿಕೆಯಾಗುವಷ್ಟು ಹೊತ್ತೂ ನನಗಿರಲಿಲ್ಲ. ಹಿಂದೆಯೇ ಮೇಡಂ ಬಂದರು.

"ಇವರು ಯಾರು?"

ನನ್ನ ಬಾಯಿಗೆ ಏನು ಬಡಿದಿತ್ತೋ! "ನಮ್ಮ ಊರ ಕಡೆಯವರು ಮೇಡಂ," ಎಂದೆ.

ಅತ್ತೆ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಮೇಡಂಗೆ ಕೈಮುಗಿದು, "ಊ ಕಣ್ ತಾಯಿ, ಊರ್ ಕಡೇರು," ಎಂದಳು. ನನ್ನ ಸುಳ್ಳಿಗೆ ತಾನೇ ಸಾಕ್ಷಿ ನಿಂತಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಆದರೂ ಮಾತು ತಿದ್ದಲಿಲ್ಲ. ಕಾರು ಬಂದ ಸದ್ದಾಯಿತು, ಹೂಗುಚ್ಛ ಹಿಡಿದು ಓಡಿದೆ.

ಮುಖ್ಯ ಅತಿಥಿಗಳು ದೀಪ ಹಚ್ಚಿ, ನಾಲ್ಕು ಮಾತಾಡಿ, ಒಂದೊಂದೇ ಪಾತ್ರೆ ನೋಡುತ್ತ ಬಂದರು. ಕೊಳಗ ನೋಡಿ ತಲೆದೂಗಿದರು. ಹೊಳೆಯುವ ಕೊಡದ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತು ನನ್ನನ್ನು ನೋಡಿದರು. ನಾನು ಚಾವಣಿ ನೋಡಿದೆ. ಆಮೇಲೆ ನಡುವಿನ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದರೆ, ಅಲ್ಲಿ ತಪ್ಪಲೆ ಕಾಣುತ್ತಿಲ್ಲ. ಪೆಟ್ಟಿಗೆಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕಡೆ ಹರಡಿ ಹಿಡಿದು ನಮ್ಮತ್ತೆ ನಿಂತಿದ್ದಾಳೆ!

ಅತಿಥಿಗಳು ಎಡಕ್ಕೆ ಸರಿದರು. ಅತ್ತೆಯೂ ಎಡಕ್ಕೆ ಸರಿದಳು. ಅವರು ಬಲಕ್ಕೆ ಬಂದರು, ಇವಳೂ ಬಲಕ್ಕೆ. ಯಾರೋ ಕಿಸಕ್ಕನೆ ನಕ್ಕರು. ಮೇಡಂ ನನ್ನ ಕಿವಿಯಲ್ಲಿ "ಆಯಮ್ಮನನ್ನು ಕರೆದುಕೊಂಡು ಹೋಗಿ" ಎಂದರು. ಅಷ್ಟು ಮೆಲ್ಲನೆಯ ಪಿಸುಮಾತನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. ಹೋಯಿತು ನನ್ನ ಇನ್ನೊಂದು ವರ್ಷ ಎಂದುಕೊಂಡೇ ಅತ್ತೆಯ ಬಳಿ ಹೋದೆ.

"ಅತ್ತೆ, ಏನಿದು? ನನ್ನ ಮಾನ ಕಳೀತಿದ್ದೀಯ. ಈ ಕಡೆ ಬಾ," ಎಂದು ಹಲ್ಲು ಕಚ್ಚಿ ಹೇಳಿದೆ.

"ಸುಮ್ಕಿರು ಮಗ, ಮಾನ ಉಳಿಸ್ತಾ ಇವ್ನಿ," ಎಂದಳು ಅವಳೂ ಅಷ್ಟೇ ಮೆಲ್ಲಗೆ. "ಇದೇನ್ ಇಂಗ್ ಮಾಡಿದ್ದೀಯ? ತಪ್ಲೆನ ಬರಿದು ಮಾಡಿ, ದೀಪ ಬೇರೆ ಬಿಟ್ಟು ಎಲ್ರಿಗೂ ತೋರ್ಸ್ತೀಯಲ್ಲ. ಇವ್ರೇ ಅಲ್ವ ನಿನ್ಗೆ ಇನ್ನೊಂದ್ ವರ್ಸ ಕೊಡವ್ರು?"

"ಅದಕ್ಕೂ ಇದಕ್ಕೂ ಏನತ್ತೆ ಸಂಬಂಧ?"

ಅವಳು ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು. ಅವಳು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನಿನ್ಗೆ ಗೊತ್ತಿಲ್ಲ. ನೀನು ಅಂಬೆಗಾಲಿಕ್ತಿದ್ದೆ. ನಿಮ್ಮಪ್ಪ ಕಾಲ್ ಮುರ್ಕಂಡ್ ಮಲ್ಗಿದ್ದ, ಅಟ್ಟೀಲಿ ಒಂದ್ ಕಾಳಿರ್ಲಿಲ್ಲ. ನಿಮ್ಮವ್ವನ ಕಡೇರು ಬಂದ್ರು, ಇವ್ರ ಕೈಲಿ ಸಾಕಕಾಗಲ್ಲ, ಮಗೀನ ನಾವೇ ಕರ್ಕಂಡೋಯ್ತೀವಿ ಅಂದ್ರು. ಒಬ್ಳು ಎದ್ದು ಅಡ್ಗೆಮನೆ ನೋಡಕ್ ಬಂದ್ಲು. ಈ ತಪ್ಲೇಲಿ ಏನೂ ಇರ್ಲಿಲ್ಲ ಕಣ್ ಮಗ. ಇಂಗೇ ಅಡ್ಡ ನಿಂತ್ಕಂಡೆ. ಇನ್ನೇನ್ ಅನ್ನ ಆಯ್ತದೆ, ಉಂಡ್ಕಂಡ್ ಓಗಿ ಅಂದೆ. ಉಂಡ್ಕಂಡೇ ಬಂದಿವ್ನಿ ಅಂತ ಅಂಗೇ ತಿರುಗ್ಕಂಡ್ಲು. ಬಗ್ಗಿ ನೋಡಿದ್ರೆ ನಿನ್ನ ಎತ್ಕಂಡೋಗ್ಬುಡವ್ರು."

ಇಷ್ಟು ವರ್ಷ ಅವಳ ಬೆಲ್ಲವನ್ನೂ ಬಾಳೆಹಣ್ಣನ್ನೂ ಹೇಳಿಕೊಂಡು ಎಷ್ಟು ಜನರನ್ನು ನಗಿಸಿದ್ದೇನೆ! ಅತಿಥಿಗಳು ಒಂದು ಹೆಜ್ಜೆ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, "ಇವರು ಯಾರು?" ಎಂದು ಕೇಳಿದರು. ಮೇಡಂ ನನ್ನತ್ತ ನೋಡುತ್ತಿದ್ದರು. ನಾನು ಅತ್ತೆಯ ಪಕ್ಕ ಹೋಗಿ, ಗಾಜಿಗೆ ಬೆನ್ನು ಕೊಟ್ಟು ನಿಂತೆ.

"ನಮ್ಮತ್ತೆ ಸರ್," ಎಂದೆ. ದನಿ ಒಡೆದು ಬಂದರೂ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಬಂತು. "ನನ್ನನ್ನು ಸಾಕಿದವಳು. ಈ ತಪ್ಪಲೆ ಇವಳದು."

ಅತ್ತೆ ತಲೆಯೆತ್ತಲಿಲ್ಲ. ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದು, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: "ಒಸಿ ಈಕಡೀಕ್ ನಿಂತ್ಕ ಮಗ. ಆ ಮೂಲೇಲಿ ಇನ್ನೂ ಕಾಣ್ತಾ ಅದೆ."